ಚಿತ್ರಶಾಲೆಗೆ ಊರೆಲ್ಲ ಬರಬೇಕಾದರೆ



ನಮ್ಮ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಗಬ್ಬೂರಿಗೆ ಹೋದವರಿಗೆ ಒಂದು ಗುಡಿ ನೋಡಿ ಮುಗಿಯುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ಈಶ್ವರನ ಗುಡಿ, ವೆಂಕಟೇಶ್ವರನ ಗುಡಿ, ಹನುಮಂತನ ಗುಡಿ, ಬಂಗಾರ ಬಸಪ್ಪನ ಗುಡಿ, ಜೊತೆಗೆ ಶಾಸನದ ಕಲ್ಲುಗಳು. ಹಿಂದೆ ಈ ಊರಿಗೆ ಗೋಪುರಗ್ರಾಮ ಎಂಬ ಹೆಸರಿತ್ತು, ಇದು ವಿದ್ಯೆ ಕಲಿಸುವ ಕೇಂದ್ರವಾಗಿತ್ತು ಎಂದು ಇತಿಹಾಸ ಬಲ್ಲವರು ಹೇಳುತ್ತಾರೆ. ಶಿಲ್ಪವಿದೆ, ಬರಹವಿದೆ, ವಾಸ್ತುವಿದೆ. ದೊಡ್ಡ ನಗರದ ಕಲಾ ಗ್ಯಾಲರಿಯಲ್ಲಿ ಟಿಕೆಟ್ ತೆಗೆದುಕೊಂಡು ನೋಡುವಂಥ ಕೆಲಸ ಇಲ್ಲಿ ದಾರಿಯ ಮಗ್ಗುಲಲ್ಲೇ ನಿಂತಿದೆ. ಆದರೆ "ಗಬ್ಬೂರಿನಲ್ಲಿ ಕಲೆ ಎಲ್ಲಿದೆ?" ಎಂದು ಅದೇ ಊರಿನ ಶಾಲೆಯ ಹುಡುಗನನ್ನು ಕೇಳಿ ನೋಡಿ. ಅವನು ಬೆಂಗಳೂರಿನ ಹೆಸರು ಹೇಳುತ್ತಾನೆ.

ಇವತ್ತಿನ ನನ್ನ ಮಾತು ಸಾರ್ವಜನಿಕ ಚಿತ್ರಶಾಲೆಗಳ ಬಗ್ಗೆ. ಅವು ಯಾರಿಗಾಗಿ ಇವೆ, ಅಲ್ಲಿಗೆ ಜನ ಹೇಗೆ ಬರುತ್ತಾರೆ, ಅವುಗಳ ಖರ್ಚನ್ನು ಯಾರು ಹೊರಬೇಕು, ಹಣ ಕೊಟ್ಟವರ ಮಾತು ಎಲ್ಲಿಯವರೆಗೆ ನಡೆಯಬೇಕು. ಇದು ಬೆಂಗಳೂರಿನವರ ಚರ್ಚೆ ಎಂದುಕೊಂಡು ರೇಡಿಯೋ ಆರಿಸಬೇಡಿ. ಈ ಪ್ರಶ್ನೆಗಳಿಗೆ ನಮ್ಮ ಭಾಗದ ಜನ ಎಂಟುನೂರು, ಒಂಬೈನೂರು ವರ್ಷಗಳ ಹಿಂದೆಯೇ ಕಲ್ಲಿನ ಮೇಲೆ ಉತ್ತರ ಬರೆದಿಟ್ಟಿದ್ದಾರೆ. ಅಲ್ಲಿಗೂ ಬರುತ್ತೇನೆ.

ಮೊದಲು ಬೆಂಗಳೂರಿನ ಎರಡು ಸಂಗತಿ.

1960ರಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಹುಟ್ಟಿತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಎಂ.ಎಸ್. ನಂಜುಂಡರಾಯರದು ದೊಡ್ಡ ಹೆಸರು. ಅವರು ಚಿತ್ರಗಳನ್ನಷ್ಟೇ ಕೂಡಿಹಾಕಲಿಲ್ಲ. ಕರ್ನಾಟಕದ ಹಳ್ಳಿಗಳನ್ನು ಸುತ್ತಿ ತೊಗಲುಗೊಂಬೆಗಳನ್ನು ಹುಡುಕಿ ತಂದರು. ಅವನ್ನು ಆಡಿಸುವ ಕಿಳ್ಳೇಕ್ಯಾತರ ಮನೆಗಳಲ್ಲಿ ಪೆಟ್ಟಿಗೆಯೊಳಗೆ ಮಡಿಚಿಟ್ಟಿದ್ದ, ಎಷ್ಟೋ ಕಡೆ ಆಟವೇ ನಿಂತುಹೋಗಿದ್ದ ಆ ಬಣ್ಣದ ಬೊಂಬೆಗಳಿಗೆ ರಾಜರ ಮನೆಯ ಚಿತ್ರಗಳ ಪಕ್ಕದಲ್ಲಿ ಜಾಗ ಕೊಟ್ಟರು. ಇದು ಸಣ್ಣ ಕೆಲಸವಲ್ಲ. ತನ್ನ ಅಜ್ಜ ಆಡಿಸಿದ ಬೊಂಬೆ ಗಾಜಿನ ಹಿಂದೆ ಗೌರವದಿಂದ ನಿಂತಿರುವುದನ್ನು ಕಂಡ ಮನುಷ್ಯನಿಗೆ ಆ ಕಟ್ಟಡದೊಳಗೆ ಕಾಲಿಡಲು ಅಳುಕು ಇರುವುದಿಲ್ಲ. ದಾನಿಗಳೂ ಪರಿಷತ್ತಿಗೆ ಒದಗಿಬಂದರು. ಉದ್ಯಮಿ ಎಚ್.ಕೆ. ಕೇಜ್ರಿವಾಲರು ತಾವು ಸಂಗ್ರಹಿಸಿದ್ದ ಕಲಾಕೃತಿಗಳನ್ನು ಕೊಟ್ಟರು, ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಚಿತ್ರಗಳನ್ನು ಕೊಟ್ಟರು. ಅವರ ಹೆಸರಿನ ಗ್ಯಾಲರಿಗಳು ಅಲ್ಲಿವೆ. ಹೆಸರು ಇರಲಿ, ಇರಬೇಕಾದದ್ದೇ. ಆದರೆ ಸಂಸ್ಥೆ ಅವರ ಮನೆಯಾಗಲಿಲ್ಲ, ಸಂಸ್ಥೆಯಾಗಿಯೇ ಉಳಿಯಿತು.

ಪರಿಷತ್ತು ಮಾಡಿದ ಇನ್ನೊಂದು ಒಳ್ಳೆಯ ಕೆಲಸ ಚಿತ್ರಸಂತೆ. ಜನವರಿ ತಿಂಗಳ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಇಡೀ ರಸ್ತೆಯನ್ನು ಚಿತ್ರಕಾರರಿಗೆ ಬಿಟ್ಟುಕೊಡುತ್ತಾರೆ. ಇದು ಎರಡು ದಶಕ ದಾಟಿ ನಡೆದುಬಂದಿದೆ. ಚಿತ್ರ ಬರೆದವನು ಅಲ್ಲೇ ನಿಂತಿರುತ್ತಾನೆ, ಕೊಳ್ಳುವವನು ಅವನ ಜೊತೆಗೇ ಮಾತಾಡಿ ಕೊಳ್ಳುತ್ತಾನೆ, ನಡುವೆ ದಲಾಲಿ ಇಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಹುಡುಗರು ರಾತ್ರಿ ಬಸ್ಸು, ರೈಲು ಹತ್ತಿ ಚಿತ್ರದ ಸುರುಳಿ ಹಿಡಿದು ಅಲ್ಲಿಗೆ ಹೋಗುತ್ತಾರೆ. ಚಿತ್ರ ಮಾರಾಟವಾಗುವುದು ಆ ದಿನದ ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭವೆಂದರೆ, ಗ್ಯಾಲರಿಯ ಮೆಟ್ಟಿಲು ಹತ್ತದ ಸಂಸಾರಗಳು ಮಕ್ಕಳನ್ನು ಕರೆದುಕೊಂಡು ಬರುತ್ತವೆ. ಸಂತೆಗೆ ಹೋಗಲು ಯಾರಿಗೂ ಯಾರ ಅಪ್ಪಣೆಯೂ ಬೇಕಿಲ್ಲ. ಚಿತ್ರ ನೋಡಲೂ ಹಾಗೇ ಹೋಗಬಹುದು ಎನ್ನುವುದನ್ನು ಪರಿಷತ್ತು ಮಾಡಿ ತೋರಿಸಿತು.

ಎರಡನೆಯದು ಸ್ವಲ್ಪ ನೋವಿನ ಸಂಗತಿ. ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕ ವೆಂಕಟಪ್ಪ ಚಿತ್ರಶಾಲೆ ಇದೆ. ಕೆ. ವೆಂಕಟಪ್ಪನವರು 1886ರಲ್ಲಿ ಹುಟ್ಟಿ 1965ರಲ್ಲಿ ತೀರಿಕೊಂಡವರು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತು ಬಂದವರು, ನೀಲಗಿರಿಯ ಬೆಟ್ಟ ಮತ್ತು ಮಂಜನ್ನು ಬಣ್ಣದಲ್ಲಿ ಹಿಡಿದವರು, ವೀಣೆಯನ್ನೂ ಸಾಧಿಸಿದವರು. ಅವರ ನೆನಪಿಗೆ ಸರ್ಕಾರ ಕಟ್ಟಿಸಿದ ಈ ಚಿತ್ರಶಾಲೆಯಲ್ಲಿ ಹೊಸ ಕಲಾವಿದರಿಗೆ ಕಡಿಮೆ ಬಾಡಿಗೆಗೆ ಸಭಾಂಗಣ ಸಿಗುತ್ತಿತ್ತು. ಜಿಲ್ಲೆಗಳಿಂದ ಹೋದ ಎಷ್ಟೋ ಜನರ ಮೊದಲ ಪ್ರದರ್ಶನ ನಡೆದದ್ದು ಅಲ್ಲೇ. 2015ರಲ್ಲಿ ಪ್ರವಾಸೋದ್ಯಮ ಇಲಾಖೆ ದತ್ತು ಯೋಜನೆಯೊಂದರ ಅಡಿಯಲ್ಲಿ ಇದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಿಕೊಡಲು ಒಪ್ಪಂದ ಮಾಡಿಕೊಂಡಿತು. ಸುದ್ದಿ ತಿಳಿದ ಕಲಾವಿದರು ಒಗ್ಗೂಡಿ ವೇದಿಕೆ ಕಟ್ಟಿಕೊಂಡರು. 2016ರಲ್ಲಿ ಬೀದಿಗಿಳಿದು, ಕೈಗೆ ಕೈ ಹಿಡಿದು ನಿಂತು ಪ್ರತಿಭಟಿಸಿದರು. ಕೊನೆಗೆ ಆ ಯೋಜನೆ ಮುಂದುವರಿಯಲಿಲ್ಲ. ಪ್ರತಿಷ್ಠಾನದ ಹಿಂದಿದ್ದ ಸಂಗ್ರಾಹಕ ಅಭಿಷೇಕ್ ಪೋದ್ದಾರ್ ಅದೇ ರಸ್ತೆಯಲ್ಲಿ ಬೇರೆ ಜಾಗದಲ್ಲಿ ತಮ್ಮದೇ ಕಲಾ ಮತ್ತು ಛಾಯಾಚಿತ್ರ ಸಂಗ್ರಹಾಲಯ ಕಟ್ಟಿದರು. 2023ರ ಫೆಬ್ರುವರಿಯಲ್ಲಿ ಅದರ ಬಾಗಿಲು ತೆರೆಯಿತು.

ಈ ಜಗಳದಲ್ಲಿ ಯಾರನ್ನೂ ಹಳಿಯಲು ನನಗೆ ಇಷ್ಟವಿಲ್ಲ. ಸರ್ಕಾರದ ಕಟ್ಟಡಗಳ ದುರಸ್ತಿಗೆ ಹಣ ಸಾಲದು ಎನ್ನುವುದು ನಿಜ. ಸ್ವಂತ ದುಡ್ಡಿನಲ್ಲಿ ಕಲಾಕೃತಿ ಕೂಡಿಟ್ಟು ಜನರಿಗೆ ತೋರಿಸಬೇಕೆನ್ನುವ ಮನಸ್ಸೂ ದೊಡ್ಡದೇ. ಆದರೆ ಕಲಾವಿದರ ಹಟದಲ್ಲಿ ನ್ಯಾಯವಿತ್ತು ಎಂದು ನಾನು ನಂಬುತ್ತೇನೆ. ಚಿತ್ರಶಾಲೆ ಯಾರ ಬದುಕಿಗೆ ಆಸರೆಯಾಗಿತ್ತೋ ಅವರನ್ನು ಒಂದು ಮಾತೂ ಕೇಳದೆ ಕಾಗದಕ್ಕೆ ಸಹಿ ಬಿದ್ದಿತ್ತು. ಅವರನ್ನು ಮೊದಲೇ ಕರೆದು ಕೂಡಿಸಿಕೊಂಡಿದ್ದರೆ ಎಷ್ಟು ದಾರಿಗಳು ಕಾಣುತ್ತಿದ್ದವೋ.

ಇನ್ನು ನಮ್ಮ ಕಡೆಯ ಕಲ್ಲುಗಳಿಗೆ ಬರೋಣ.

ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳು ನಮ್ಮ ರಾಯಚೂರು, ಕೊಪ್ಪಳ, ಕಲಬುರಗಿ ಸೀಮೆಯ ಊರೂರಲ್ಲಿ ನಿಂತಿವೆ. ಅವುಗಳನ್ನು ರಾಜರ ವಂಶಾವಳಿಗಾಗಿ ಓದುವವರೇ ಹೆಚ್ಚು. ನಾನು ಕೇಳಿಕೊಳ್ಳುವುದೇನೆಂದರೆ, ಹೊಗಳಿಕೆಯ ಸಾಲುಗಳು ಮುಗಿದ ಮೇಲೆ ಬರುವ ಭಾಗವನ್ನು ಗಮನಿಸಿ. ಅಲ್ಲಿ ಲೆಕ್ಕ ಇರುತ್ತದೆ. ಇಷ್ಟು ಮತ್ತರು ಭೂಮಿ, ಅದರ ಗಡಿ ಇಂತಿಂಥದು. ಅದರ ಹುಟ್ಟುವಳಿಯಲ್ಲಿ ದೇವರ ಅಂಗಭೋಗಕ್ಕೆ, ರಂಗಭೋಗಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ವಿದ್ಯಾದಾನಕ್ಕೆ, ನಂದಾದೀವಿಗೆಗೆ. ರಂಗಭೋಗವೆಂದರೆ ಹಾಡು, ಕುಣಿತ, ವಾದ್ಯ. ಖಂಡಸ್ಫುಟಿತವೆಂದರೆ ಒಡೆದದ್ದು, ಬಿರುಕು ಬಿಟ್ಟದ್ದು. ಗುಡಿ ಕಟ್ಟಿದ ದಿನವೇ ಅದು ಮುಂದೊಂದು ದಿನ ಬಿರುಕು ಬಿಡುತ್ತದೆ ಎಂದು ಯೋಚಿಸಿ, ರಿಪೇರಿಗೆ ಹೊಲದ ಹುಟ್ಟುವಳಿ ತೆಗೆದಿಟ್ಟ ಜನ ಅವರು. ಇವತ್ತು ನಾವು ಕೋಟಿ ಖರ್ಚು ಮಾಡಿ ಭವನ ಕಟ್ಟುತ್ತೇವೆ. ಮರುವರ್ಷ ಸೋರುವ ಮಾಳಿಗೆಗೆ, ಕೆಟ್ಟ ದೀಪಕ್ಕೆ, ಬಾಗಿಲು ತೆಗೆಯುವ ಆಳಿನ ಸಂಬಳಕ್ಕೆ ಒಂದು ಬಿಡಿಗಾಸೂ ಇರುವುದಿಲ್ಲ.

ಕೊಟ್ಟವರು ರಾಜರಷ್ಟೇ ಅಲ್ಲ. ಐನೂರ್ವರೆಂಬ ವರ್ತಕರ ಸಂಘದವರು, ಊರಿನ ನಕರದವರು, ಎಣ್ಣೆ ತೆಗೆಯುವ ತೆಲ್ಲಿಗರು, ವೀಳ್ಯದೆಲೆಯ ವ್ಯಾಪಾರಿಗಳು ಎಲ್ಲರೂ ಕೊಟ್ಟಿದ್ದಾರೆ. ಗಾಣವೊಂದಕ್ಕೆ ಒಂದು ಸೊಲ್ಲಗೆ ಎಣ್ಣೆ, ಹೇರು ಒಂದಕ್ಕೆ ಇಷ್ಟು ಎಲೆ. ಸಣ್ಣ ಸಣ್ಣ ಪಾಲು, ಆದರೆ ವರ್ಷಾನುವರ್ಷ ತಪ್ಪದೆ ಬರುವಂಥದು. ಹೆಚ್ಚು ಕೊಟ್ಟವನಿಗೂ ಸೊಲ್ಲಗೆ ಎಣ್ಣೆ ಕೊಟ್ಟವನಿಗೂ ಒಂದೇ ಕಲ್ಲಿನಲ್ಲಿ ಜಾಗ. ದಾನ ಕೊಟ್ಟದ್ದು ಊರ ಮಹಾಜನರ ಎದುರಿಗೆ, ಎಲ್ಲರೂ ನೋಡುವ ಹಾಗೆ. ಕೊನೆಯಲ್ಲಿ, ಈ ಧರ್ಮವನ್ನು ಕೆಡಿಸಿದವನಿಗೆ ಮಹಾಪಾಪ ತಟ್ಟಲಿ ಎಂಬ ಶಾಪ. ಆ ಶಾಪದಿಂದ ದಾನ ಕೊಟ್ಟವನ ಮಕ್ಕಳು ಮೊಮ್ಮಕ್ಕಳಿಗೂ ವಿನಾಯಿತಿ ಇಲ್ಲ. ಕೊಟ್ಟ ಮೇಲೆ ಅದು ಊರಿನದು. ಪ್ರಾಯೋಜಕರು ಎಂದರೆ ಯಾರು, ಅವರ ಹಕ್ಕು ಎಲ್ಲಿಗೆ ನಿಲ್ಲುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕರಾರು ನಾನು ಎಲ್ಲಿಯೂ ಕಂಡಿಲ್ಲ.

ಈ ಗುಡಿಗಳ ಬಾಗಿಲು ಒಂದು ಕಾಲಕ್ಕೆ ಎಲ್ಲರಿಗೂ ತೆರೆದಿರಲಿಲ್ಲ ಎನ್ನುವುದನ್ನೂ ನಾವು ಮರೆಯಬಾರದು. ಕಲ್ಲು ಕಡೆದವರ, ಕಲ್ಲು ಹೊತ್ತವರ ಮಕ್ಕಳೇ ಹೊರಗೆ ನಿಂತ ಚರಿತ್ರೆ ನಮ್ಮದು. ಸಾರ್ವಜನಿಕ ಚಿತ್ರಶಾಲೆ ಆ ಕರಾರಿನ ಲೆಕ್ಕಾಚಾರವನ್ನು ತೆಗೆದುಕೊಳ್ಳಲಿ, ಬಾಗಿಲಿನ ವಿಷಯದಲ್ಲಿ ಮಾತ್ರ ಹೊಸ ಕಾಲದ ನ್ಯಾಯ ಪಾಲಿಸಲಿ.

ಪ್ರಾಯೋಜಕರ ಮಾತು ಬಂದಾಗ ನನಗೆ ಕಲಬುರಗಿಯ ಎಸ್.ಎಂ. ಪಂಡಿತರು ನೆನಪಾಗುತ್ತಾರೆ. 1916ರಲ್ಲಿ ಹುಟ್ಟಿ 1993ರವರೆಗೆ ಬದುಕಿದ ಈ ಚಿತ್ರಕಾರ ಸಿನಿಮಾ ಪೋಸ್ಟರ್ ಬರೆದರು, ಪುರಾಣದ ಪ್ರಸಂಗಗಳನ್ನು ಕ್ಯಾಲೆಂಡರಿಗೆ ಬರೆದರು. ಕ್ಯಾಲೆಂಡರ್ ಚಿತ್ರಗಳು ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಮಣ್ಣಿನ ಮನೆಯ ಗೋಡೆ, ಎಲ್ಲ ಕಡೆ ಹೋದವು. ಕ್ಯಾಲೆಂಡರ್ ಮಾಡಿಸಿದ ಕಂಪನಿಯ ಹೆಸರು ಚಿತ್ರದ ಕೆಳಗೆ ಸಣ್ಣದಾಗಿ ಇರುತ್ತಿತ್ತು, ಚಿತ್ರಕ್ಕೆ ಮಾತ್ರ ಪೂರ್ತಿ ಜಾಗ. ವರ್ಷ ಮುಗಿದ ಮೇಲೆ ತಾರೀಖಿನ ಹಾಳೆ ಹರಿದುಹಾಕಿ ಚಿತ್ರಕ್ಕೆ ಕಟ್ಟು ಹಾಕಿಸಿದವರು ಎಷ್ಟು ಮಂದಿ! ಈಗಿನ ಉತ್ಸವಗಳಲ್ಲಿ ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಹಣ ಕೊಟ್ಟವರ ಮುಖಗಳೇ ತುಂಬಿ, ಹಾಡುವವರ ಹೆಸರು ಹುಡುಕಬೇಕಾಗುತ್ತದೆ. ಆ ಹಳೆಯ ಕ್ಯಾಲೆಂಡರಿನ ಅಳತೆಯನ್ನು ನಾವು ಮತ್ತೆ ಕಲಿಯಬೇಕು.

ಹಣ ಕೊಡಬಲ್ಲವರು ನಮ್ಮ ಜಿಲ್ಲೆಯಲ್ಲಿ ಇಲ್ಲವೆ? ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಶಕ್ತಿನಗರದಲ್ಲಿ ಶಾಖೋತ್ಪನ್ನ ವಿದ್ಯುತ್ ಕೇಂದ್ರವಿದೆ. ರಾಯಚೂರಿನಲ್ಲಿ ಹತ್ತಿಯ ಜಿನ್ನಿಂಗ್ ಮಿಲ್ಲುಗಳಿವೆ, ಮಾನ್ವಿಯ ದಾರಿಯುದ್ದಕ್ಕೂ ಅಕ್ಕಿ ಗಿರಣಿಗಳಿವೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮಿನ ಪ್ರಕಾರ ವರ್ಷಕ್ಕೆ 5 ಕೋಟಿ ರೂಪಾಯಿ ಅಥವಾ ಹೆಚ್ಚು ನಿವ್ವಳ ಲಾಭವಿರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆ ಕಾಯ್ದೆಯ 7ನೆಯ ಅನುಸೂಚಿಯ ಪಟ್ಟಿಯಲ್ಲಿ ಕಲೆ, ಸಂಸ್ಕೃತಿ, ಪಾರಂಪರಿಕ ಸ್ಥಳಗಳ ರಕ್ಷಣೆ, ಸಾಂಪ್ರದಾಯಿಕ ಕಸುಬುಗಳಿಗೆ ಉತ್ತೇಜನ ಎಲ್ಲವೂ ಇವೆ. ಕೇಳುವವರು ಬೇಕು. ಕೇಳುವಾಗ ಕಟ್ಟಡಕ್ಕೆ ಕೊಡಿ ಎನ್ನುವ ಬದಲು, ಹತ್ತು ವರ್ಷದ ದೀಪದ ಖರ್ಚಿಗೆ, ಮಕ್ಕಳನ್ನು ಕರೆತರುವ ಬಸ್ಸಿಗೆ, ಚಿತ್ರ ತೋರಿಸಿ ವಿವರಿಸುವವರ ಸಂಬಳಕ್ಕೆ ಕೊಡಿ ಎನ್ನಬೇಕು. ಗಂಜಿನ ಅಡತಿ ಅಂಗಡಿಗಳಲ್ಲಿ ಹಿಂದೆ ಧರ್ಮಾದಾಯ ಎಂದು ಒಂದಿಷ್ಟು ತೆಗೆದಿಡುವ ರೂಢಿಯಿತ್ತು. ಅದು ಸೊಲ್ಲಗೆ ಎಣ್ಣೆಯ ಮನೆತನದ್ದೇ.

ಇನ್ನು ಜನರನ್ನು ಕರೆತರುವ ಮಾತು. ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದು ಬಂಡೆ ಇದೆ. ಕಾಕತೀಯರ ಕಾಲದ, 1294ರ ಶಾಸನ ಅದರ ಮೇಲಿದೆ. ಶಾಸನದ ಜೊತೆಗೆ ಒಂದು ಚಿತ್ರವನ್ನೂ ಕೊರೆದಿದ್ದಾರೆ. ಅದೇ ಬಂಡೆಯನ್ನು ಗಟ್ಟಿ ಗಾಲಿಗಳ ಬಂಡಿಯ ಮೇಲೆ ಹೇರಿ, ಉದ್ದಕ್ಕೆ ಹೂಡಿದ ಕೋಣಗಳು ಎಳೆದು ತರುತ್ತಿರುವ ಚಿತ್ರ. ಗಾಲಿಗಳಿಗೆ ಹಾರೆ ಕೊಟ್ಟು ನೂಕುವವರಿದ್ದಾರೆ, ಕೋಣಗಳನ್ನು ಹುರಿದುಂಬಿಸುವವರಿದ್ದಾರೆ. ಕೋಟೆ ಕಟ್ಟಿಸಿದ ದೊಡ್ಡವರ ಹೆಸರಿನ ಪಕ್ಕದಲ್ಲೇ ಆ ಭಾರ ಎಳೆದವರನ್ನು ತೋರಿಸಿದ ಆ ಕಲಾವಿದನಿಗೆ ನಾನು ಕೈ ಮುಗಿಯುತ್ತೇನೆ.

ಒಮ್ಮೆ ಹಳ್ಳಿಯ ಶಾಲೆಯ ಮಕ್ಕಳ ಜೊತೆ ಅದರ ಮುಂದೆ ನಿಂತಿದ್ದೆ. ಇಸವಿ, ರಾಜ, ಸೇನಾಪತಿ ಎಂದು ಹೇಳುವಾಗ ಮಕ್ಕಳ ಗಮನ ಎಲ್ಲೋ ಇತ್ತು. ಅವರ ಜೊತೆ ಬಂದಿದ್ದ ಒಬ್ಬ ರೈತರು ಮುಂದೆ ಬಂದು, "ಏ ತಮ್ಮಾ, ಅಷ್ಟು ಕ್ವಾಣ ಒಮ್ಮೆಗೇ ಎಳೀಬೇಕಂದ್ರ ಹೆಂಗ ಹೂಡ್ಯಾರ ನೋಡು. ಒಂದು ಹಿಂದಕ್ಕ ಜಗ್ಗಿದ್ರ ಎಲ್ಲಾ ಕೆಡತೈತಿ" ಎಂದರು. ಅಲ್ಲಿಂದ ಮಕ್ಕಳು ಬಂಡೆ ಬಿಟ್ಟು ಕದಲಲಿಲ್ಲ. ನೊಗ ಎಲ್ಲಿ, ಹಗ್ಗ ಎಲ್ಲಿ, ಗಾಲಿಗೆ ಅರೆಕಾಲು ಇದೆಯೋ ಇಲ್ಲವೋ, ಮುಂದಿನವನ ಕೈಯಲ್ಲಿ ಏನಿದೆ ಎಂದು ಒಬ್ಬರ ಮೇಲೊಬ್ಬರು ಬಿದ್ದು ಹುಡುಕಿದರು. "ಸರ್ರ, ಇಳಿಜಾರಿನ್ಯಾಗ ಹೆಂಗ ತಡದ್ರು?" ಎಂದು ಒಬ್ಬಳು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ, ರೈತರ ಬಳಿ ಇತ್ತು. ಚಿತ್ರಶಾಲೆಯಲ್ಲಿ ವಿವರಿಸುವ ಕೆಲಸ ಪದವಿ ಪಡೆದವರಿಗೆ ಮಾತ್ರ ಏಕೆ ಇರಬೇಕು? ಬಂಡಿಯ ಶಿಲ್ಪದ ಮುಂದೆ ಬಂಡಿ ಹೊಡೆದವರು, ಒಡವೆಯ ಶಿಲ್ಪದ ಮುಂದೆ ಅಕ್ಕಸಾಲಿಗರು, ಚರ್ಮವಾದ್ಯದ ಮುಂದೆ ಹಲಗೆ ಬಾರಿಸುವವರು ನಿಂತು ಮಾತಾಡಲಿ. ಅವರಿಗೆ ಗೌರವಧನ ಕೊಡಲಿ. ಅವರು ಬಂದರೆ ಅವರ ಓಣಿಯೂ ಬರುತ್ತದೆ.

1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿ ನಂದಲಾಲ್ ಬೋಸರನ್ನು ಕರೆದಾಗ ಅವರು ಮಾಡಿದ್ದೂ ಇದೇ ದಾರಿಯ ಕೆಲಸ. ಗುಜರಾತಿನ ಆ ಹಳ್ಳಿಯ ಮಹಾದ್ವಾರಗಳಿಗೆ, ಚಪ್ಪರಗಳಿಗೆ ನೂರಾರು ಚಿತ್ರಗಳನ್ನು ಕಟ್ಟಿಸಿದರು. ಉಳುವವ, ಬಡಗಿ, ಡೋಲು ಬಾರಿಸುವವ, ಕುಟ್ಟುವ ಬೀಸುವ ಹೆಣ್ಣುಮಕ್ಕಳು. ಸಭೆಗೆ ಬಂದ ಹಳ್ಳಿಯ ಜನ ನಡೆಯುತ್ತ ತಮ್ಮನ್ನೇ ಚಿತ್ರದಲ್ಲಿ ಕಂಡರು. ನಂದಲಾಲರೂ ನಮ್ಮ ವೆಂಕಟಪ್ಪನವರೂ ಒಬ್ಬರೇ ಗುರುವಿನ ಶಿಷ್ಯರು.

ನಮ್ಮ ಜಿಲ್ಲೆಯಲ್ಲಿ ಏನೂ ಇಲ್ಲವೆಂದಲ್ಲ. ರಾಯಚೂರು ಕೋಟೆಯ ನವರಂಗ ದರ್ವಾಜಾದಲ್ಲಿ ಸರ್ಕಾರದ ವಸ್ತುಸಂಗ್ರಹಾಲಯವಿದೆ, ಸುತ್ತಲ ಊರುಗಳ ಶಿಲ್ಪಗಳು ಅಲ್ಲಿವೆ. ಲಿಂಗಸುಗೂರು ಕಡೆಯ ಪಿಕ್ಲಿಹಾಳದ ಬಂಡೆಗಳ ಮೇಲೆ ಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಚಿತ್ರಗಳಿವೆ. ಮಸ್ಕಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದು 1915ರಲ್ಲಿ. ಮಾನ್ವಿ ತಾಲ್ಲೂಕಿನ ಬೆಟ್ಟದೂರಿನ ಶಂಕರಗೌಡರಂಥ ಚಿತ್ರಕಾರರು ಈ ಮಣ್ಣಿನಲ್ಲಿ ಆಗಿಹೋಗಿದ್ದಾರೆ. ಇಷ್ಟಿದ್ದೂ ಗ್ಯಾಲರಿ ಎಂದರೆ ಬೆಳಿಗ್ಗೆ ಹತ್ತಕ್ಕೆ ತೆರೆದು ಸಂಜೆ ಐದಕ್ಕೆ ಮುಚ್ಚುವ ಕಚೇರಿ ಎಂದೇ ನಾವು ನಡೆಸುತ್ತಿದ್ದರೆ ಯಾರು ಬರಬೇಕು? ಆ ಹೊತ್ತಿನಲ್ಲಿ ನಮ್ಮ ಹೆಣ್ಣುಮಕ್ಕಳು ಹತ್ತಿ ಬಿಡಿಸಲು ಹೊಲದಲ್ಲಿರುತ್ತಾರೆ. ದೇವದುರ್ಗದಿಂದ ಗುಳೆ ಹೋದವರು ಬೆಂಗಳೂರಿನಲ್ಲಿ ಇಟ್ಟಿಗೆ ಹೊರುತ್ತಿರುತ್ತಾರೆ. ತಾವು ದುಡಿಯುವ ರಸ್ತೆಯಲ್ಲೇ ಚಿತ್ರಶಾಲೆ ಇದ್ದರೂ ಅದರೊಳಗೆ ಹೋಗಬಹುದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಅವರು ಊರಿಗೆ ಬರುವುದು ಹಬ್ಬಕ್ಕೆ, ಮೊಹರಮ್ಮಿಗೆ, ಜಾತ್ರೆಗೆ. ಚಿತ್ರಶಾಲೆ ರಾತ್ರಿ ಹತ್ತರವರೆಗೆ ದೀಪ ಹಚ್ಚಿಕೊಂಡು ತೆರೆದಿರಬೇಕಾದದ್ದು ಆ ದಿನಗಳಲ್ಲಿ.

ಗಬ್ಬೂರಿನಲ್ಲಿ ಇದನ್ನು ಶುರು ಮಾಡಬಹುದು ಎಂಬುದು ನನ್ನ ಆಸೆ. ಹೊಸ ಕಟ್ಟಡ ಬೇಡ. ಪೂಜೆಯಲ್ಲಿರುವ ಮೂರ್ತಿಗಳನ್ನು ಅಲ್ಲಾಡಿಸುವುದು ಬೇಡ. ಬಯಲಲ್ಲಿ ಬಿದ್ದಿರುವ ಶಿಲ್ಪ, ಶಾಸನಗಳನ್ನು ನಾವೇ ಎತ್ತಿ ಸಾಗಿಸುವುದು ತಪ್ಪು. ಅದನ್ನು ಪುರಾತತ್ವ ಇಲಾಖೆಯವರನ್ನು ಕರೆದು, ಅವರ ಕೈಯಿಂದಲೇ ಮಾಡಿಸಬೇಕು. ಶಾಲೆಯ ಒಂದು ಕೋಣೆ ಸಾಕು. ಮೊದಲ ಕಾರ್ಯಕ್ರಮವಾಗಿ ಶಾಸನದ ಅಚ್ಚು ತೆಗೆಯುವುದನ್ನು ಊರ ಮುಂದೆ ಮಾಡಿ ತೋರಿಸಲಿ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಕಾಗದ ಕೂಡಿಸುತ್ತಾರೆ. ಅರೆಬರೆ ಒಣಗಿದ ಮೇಲೆ ಮಸಿಯ ಉಂಡೆಯಿಂದ ಮೆಲ್ಲಗೆ ಒತ್ತುತ್ತಾರೆ. ಕಪ್ಪು ಹಾಳೆಯ ಮೇಲೆ ಅಕ್ಷರಗಳು ಬೆಳ್ಳಗೆ ಏಳುತ್ತವೆ. ಬಲ್ಲವರು ಅದನ್ನು ಗಟ್ಟಿಯಾಗಿ ಓದಿ ಇವತ್ತಿನ ಕನ್ನಡದಲ್ಲಿ ಹೇಳಿದರೆ, ತಮ್ಮ ಊರಿನ ಕಲ್ಲು ಏನು ಹೇಳುತ್ತಿದೆ ಎಂದು ಜನ ಮೊದಲ ಸಲ ಕೇಳುತ್ತಾರೆ. ಆ ಹಾಳೆಗೆ ಕಟ್ಟು ಹಾಕಿಸಿ ಕೋಣೆಯಲ್ಲಿ ತೂಗುಹಾಕಲಿ. ಪಕ್ಕದಲ್ಲಿ ಮಕ್ಕಳು ಬರೆದ ಗುಡಿಯ ಚಿತ್ರಗಳು, ಅಜ್ಜಿಯರು ಹೊಲಿದ ಕೌದಿಗಳು. ಕೌದಿಯ ಬಣ್ಣ ಜೋಡಣೆ ತಿಳಿದವರು ಚಿತ್ರ ತಿಳಿಯಲಾರರು ಎಂದು ಹೇಳುವ ಧೈರ್ಯ ಯಾರಿಗಿದೆ?

ಕೋಣೆಯ ಕೀಲಿ ಊರಿನ ಸ್ತ್ರೀಶಕ್ತಿ ಸಂಘದವರ ಹತ್ತಿರ ಇರಲಿ, ಬಾಗಿಲು ತೆಗೆಯುವ ಹೊತ್ತನ್ನು ಅವರೇ ನಿಶ್ಚಯಿಸಲಿ. ಏನು ತೂಗುಹಾಕಬೇಕು ಎಂದು ತೀರ್ಮಾನಿಸುವ ಸಮಿತಿಯಲ್ಲಿ ಚಿತ್ರಕಲಾ ಶಿಕ್ಷಕರೂ, ಓಣಿ ಓಣಿಯ ಹಿರಿಯರೂ, ಹೈಸ್ಕೂಲಿನ ಇಬ್ಬರು ಮಕ್ಕಳೂ ಇರಲಿ. ಹಣ ಕೊಟ್ಟವರು ಆ ಸಮಿತಿಯಲ್ಲಿ ಬೇಡ, ಅವರ ಹೆಸರು ಗೋಡೆಯ ಮೇಲೆ ಒಂದೇ ಅಳತೆಯ ಅಕ್ಷರದಲ್ಲಿ ಇರಲಿ, ಲಕ್ಷ ಕೊಟ್ಟ ಮಿಲ್ಲಿನವರದೂ, ಒಂದು ಡಬ್ಬಿ ಬಣ್ಣ ಕೊಟ್ಟ ಅಂಗಡಿಯವರದೂ. ವರ್ಷಕ್ಕೊಮ್ಮೆ ಯುಗಾದಿಯ ಮರುದಿನ ಕಟ್ಟೆಯ ಮೇಲೆ ಊರವರೆಲ್ಲ ಕೂಡಿದಾಗ, ಬಂದದ್ದೆಷ್ಟು, ದೀಪಕ್ಕೆ ಹೋದದ್ದೆಷ್ಟು, ದುರಸ್ತಿಗೆ ಉಳಿದದ್ದೆಷ್ಟು ಎಂದು ಮೈಕಿನಲ್ಲಿ ಓದಲಿ. ಗಬ್ಬೂರಿನವರು ಈ ಮಾತು ಕೇಳುತ್ತಿದ್ದರೆ, ಮೊದಲ ವರ್ಷದ ಲೆಕ್ಕ ಓದುವ ದಿನ ನನ್ನನ್ನೂ ಕರೆಯಿರಿ. ಬರುತ್ತೇನೆ.